ನಲ್ವತ್ತನೇ ನಂಬ್ರದ ನೂಲು

ಬೀಪಾತುಮ್ಮ ಮೆಟ್ಟಿಲಲ್ಲೇ ನಿಂತು ಕೇಳಿದಳು:
ನಲ್ವತ್ತನೇ ನಂಬ್ರದ ಬಿಳಿ ನೂಲು ಉಂಟಾ ಶೆಟ್ಟಿಗಾರರೇ?
ಉಂಟು ಅಂದೆ. ಇರಲಿಲ್ಲ.
ಹುಡುಕುವ ನೆಪದಲ್ಲಿ ಬೆನ್ನು ತಿರುಗಿಸಿ
ಖಾಲಿ ಡಬ್ಬಿಗಳನ್ನು ಒಂದೊಂದಾಗಿ ಅಲುಗಿಸಿದೆ.

ಹದಿನಾರು ವರ್ಷದಿಂದ ಈ ನಂಬ್ರವನ್ನು ಯಾರೂ ಕೇಳಿದ್ದಿಲ್ಲ.

ಮೊದಲು ಹಾಗಲ್ಲ.
ಗುರುವಾರ ಬೀಗ ತೆಗೆಯುವ ಮೊದಲೇ
ತಳಂಗರೆಯ ಹೆಂಗಸರು ಈ ಜಗಲಿಯಲ್ಲಿ.
ಶಾಲೆಯಲ್ಲಿ ಯಾವ ಮಾತಿಗೂ ಒದಗದೆ
ವರ್ಣಮಾಲೆಯಲ್ಲಿ ಸುಮ್ಮನೆ ಕೂತಿದ್ದ ಞಕಾರವನ್ನು
ಅವರ ಲೆಕ್ಕಕ್ಕಾಗಿ ದಿನವೆಲ್ಲ ಬರೆದೆ:
ಕುಂಞಿಬಿ, ಪಡಿಂಞಾರ್ ಮನೆ ಆಸ್ಯಮ್ಮ,
ಕುಂಞಾಮಿನ, ನೂಲು ಎರಡುಂಡೆ, ಬಾಕಿ.

ಬಾಕಿ ಎಂದರೆ ಬಾಕಿ ಅಷ್ಟೇ, ಹೆದರಿಕೆ ಇಲ್ಲ.
ಟೊಪ್ಪಿ ಮುಗಿದರೆ ದುಡ್ಡು.
ಒಂದು ಟೊಪ್ಪಿಗೆ ಹನ್ನೊಂದು ದಿನ,
ಅಡಿಗೆ, ಮಕ್ಕಳು, ನಮಾಜು ಕಳೆದು
ಉಳಿದ ಹೊತ್ತುಗಳ ಹನ್ನೊಂದು ದಿನ.
ಸೂಜಿಯಿಂದ ಕಣ್ಣು, ಕಣ್ಣಿನ ಸುತ್ತ ನೂಲು,
ಗಂಜಿನೀರಲ್ಲಿ ಅದ್ದಿ
ಮಡಕೆಯ ಬೆನ್ನಿಗೆ ಕವುಚಿ ಒಣಗಿಸಿದರೆ
ಬೆರಳು ತಾಗಿಸಿದಾಗ ಟಕ್ ಎನ್ನುವ ಟೊಪ್ಪಿ.
ಏಜೆಂಟ್ ಅಂದುಂಞಿ ಎಣಿಸಿ, ಕಟ್ಟು ಕಟ್ಟಿ, ಬೊಂಬಾಯಿಗೆ.
ಬೊಂಬಾಯಿಯಿಂದ ದುಬಾಯಿಗೆ.

ನನ್ನ ಅಜ್ಜ ಸೀರೆ ನೇಯುತ್ತಿದ್ದವರು.
ಮಿಲ್ಲಿನ ಸೀರೆ ಬಂತು. ಅಪ್ಪ ಮಗ್ಗದ ಗುಂಡಿ ಮುಚ್ಚಿ
ಅದರ ಮೇಲೆಯೇ ಈ ಅಂಗಡಿಯ ಗಲ್ಲಾ ಇಟ್ಟರು.
ಈಗಲೂ ಮಳೆಗಾಲದಲ್ಲಿ ಅಲ್ಲಿ ನೆಲ ಸ್ವಲ್ಪ ಕುಸಿಯುತ್ತದೆ,
ಕುರ್ಚಿಯ ಒಂದು ಕಾಲಿಗೆ ರಟ್ಟು ಕೊಡುತ್ತೇನೆ.
ಗೊತ್ತಿರಬೇಕಿತ್ತು ನನಗೆ. ಗೊತ್ತಿತ್ತು ಕೂಡಾ.

ಮೊದಲ ಮೂಟೆ ತಂದವನೂ ಅಂದುಂಞಿಯೇ.
ಚೀನಾದ್ದು, ಅಂದ. ನೂರರ ಕಟ್ಟು.
ಒಂದಕ್ಕೆ ಬೀಳುವ ಕ್ರಯ ಕೇಳಿ ನಕ್ಕೆ:
ನೂಲಿಗೇ ಅಷ್ಟಾಗ್ತದಲ್ಲ ಮಾರಾಯ!
ನೂಲಿಗೇ ಅಷ್ಟಾಗ್ತದೆ, ಅದಕ್ಕೇ ಹೇಳುವುದು, ಅಂದ.
ಆ ವರ್ಷ ಪೆರ್ನಾಳಿಗೆ ಆರು ಕಟ್ಟು ಮಾರಿದೆ.
ಕುಂಞಿಬಿ ಬೀಡಿ ಕಟ್ಟಲು ಹೋದಳಂತೆ,
ಆಸ್ಯಮ್ಮ ಗೇರುಬೀಜದ ಫ್ಯಾಕ್ಟರಿಗೆ,
ಕೆಲವರು ಎಲ್ಲಿಗೂ ಇಲ್ಲ.
ಜಗಲಿಯಲ್ಲಿ ಈಗ ಮೊಬೈಲ್ ಕವರುಗಳ ಸ್ಟ್ಯಾಂಡು.

ಸಿಕ್ಕಿತಾ? ಎಂದಳು.
ಮೊಮ್ಮಗಳಿಗೆ. ಶಾಲೆಯಲ್ಲಿ ವೃತ್ತಿಪರಿಚಯ ಮೇಳ ಅಂತೆ,
ಮೂರು ಗಂಟೆಯಲ್ಲಿ ಟೊಪ್ಪಿ ಹೊಲಿಯಬೇಕಂತೆ, ಮಾರ್ಕು ಉಂಟಂತೆ.
ಮೂರು ಗಂಟೆ! ಎಂದು ತನಗೆ ತಾನೇ ಹೇಳಿಕೊಂಡು
ಎದುರು ತೂಗುವ ಗೊಂಚಲಿನಿಂದ ಒಂದು ಟೊಪ್ಪಿ ಕಿತ್ತು
ಕನ್ನಡಕದ ಹತ್ತಿರ ಹಿಡಿದು
ಒಳಮಗ್ಗುಲು ಹೊರಗೆ ಮಾಡಿ
ಉಗುರಿನಲ್ಲಿ ಎಣಿಸತೊಡಗಿದಳು. ಐದನೇ ಸಾಲು, ಆರು, ಏಳು.
ಅಲ್ಲಿ ನಿಂತಳು.

ಇಲ್ಲಿ ಒಂದು ಕಣ್ಣು ಇಲ್ಲ, ನೋಡಿ.

ಇನ್ನೊಂದು ತೆಗೆದಳು. ಅದರಲ್ಲೂ ಇಲ್ಲ.
ಏಳನೇ ಸಾಲು, ಎಡಗಿವಿಯ ಮೇಲೆ ಬರುವ ಜಾಗ.
ಮೂರನೆಯದು, ನಾಲ್ಕನೆಯದು. ಗಲ್ಲಾದ ಮೇಲೆ ರಾಶಿ.

ಇದು ನಂದು.
ರುಖಿಯಾಳಿಗೆ ಜ್ವರ ಇದ್ದ ರಾತ್ರಿ.
ಒಮ್ಮೆ ಎದ್ದು ಹಣೆಗೆ ಒದ್ದೆಬಟ್ಟೆ ಹಾಕಿ ಬಂದೆ, ಲೆಕ್ಕ ತಪ್ಪಿತು.
ಬಿಚ್ಚಲಿಕ್ಕೆ ಹೊತ್ತಿರಲಿಲ್ಲ, ಅಂದುಂಞಿ ಬೆಳಿಗ್ಗೆ ಬರುವವ.
ಅವ ನೋಡಲಿಲ್ಲ.

ಯಾರೂ ನೋಡಿಲ್ಲ. ನೋಡದೆಯೇ
ಯಾವುದೋ ಊರಿನ ಯಂತ್ರ ಅದನ್ನು ಬಾಯಿಪಾಠ ಮಾಡಿಕೊಂಡಿದೆ,
ಜ್ವರದ ಸಮೇತ.

ಎಷ್ಟು ಇದಕ್ಕೆ?
ಬೇಡ, ಹಾಗೆಯೇ ತಕೊಳ್ಳಿ, ಅಂದೆ.
ಎಷ್ಟು?
ಮೂವತ್ತು.
ಹತ್ತರ ಮೂರು ನೋಟು ಬಿಡಿಸಿ ಇಟ್ಟಳು.
ಮಗುವಿಗೆ ತೋರಿಸ್ಬೇಕು, ಎಲ್ಲಿ ತಪ್ಪಬಾರದು ಅಂತ.

ನೂಲು ಮಂಗಳೂರಿನಿಂದ ತರಿಸುತ್ತೇನೆ ಎಂದು ಕೂಗಿದ್ದು
ಅವಳಿಗೆ ಕೇಳಿತೋ ಇಲ್ಲವೋ, ಬಸ್ಸು ಹೋಗುತ್ತಿತ್ತು.

ಹಳೆಯ ಪುಸ್ತಕ ತೆಗೆದೆ. ಅವಳ ಪುಟದಲ್ಲಿ
ಮೇಲಿನಿಂದ ನೂಲು, ನೂಲು, ನೂಲು.
ಅಡಿಯಲ್ಲಿ ಒಂದು ಸಾಲಿನಷ್ಟು ಜಾಗ ಇತ್ತು.
ಟೊಪ್ಪಿ ಒಂದು. ಮೂವತ್ತು. ಬಾಕಿ ಇಲ್ಲ,
ಎಂದು ಬರೆದೆ.
ಆಮೇಲೆ, ಇಲ್ಲ ಎಂಬುದನ್ನು ಹೊಡೆದು ಹಾಕಿದೆ.